ಕಬ್ಬಿಣ ಹೆಚ್ಚಾದರೆ ಭದ್ರವೇ? – ಮನೆಯ ವ್ಯಾಯಾಮ ಚೌಕಟ್ಟೊಂದರ ವಿಮರ್ಶೆ

ಗರಡಿ ಮನೆಗಳಿಗೆ ಹೆಸರಾಗಿದ್ದ ಊರುಗಳಲ್ಲಿ ಈಗ ಬೀದಿಗೊಂದು ಜಿಮ್ ಇದೆ. ಅಲ್ಲಿಗೂ ಹೋಗಿಬರಲು ಹೊತ್ತಿಲ್ಲದವರು ಮನೆಯ ಮಹಡಿಯಲ್ಲೇ ಪುಟ್ಟ ಜಿಮ್ ಮಾಡಿಕೊಳ್ಳುತ್ತಿದ್ದಾರೆ. ಅದಕ್ಕೆ ಮುಖ್ಯವಾಗಿ ಬೇಕಾದದ್ದು ಭಾರದ ಬಾರನ್ನು ಇರಿಸುವ, ಕೈಸೋತಾಗ ಅದನ್ನು ತಡೆಯುವ ಕಬ್ಬಿಣದ ಚೌಕಟ್ಟು. ಇದಕ್ಕೆ ರ‍್ಯಾಕ್ ಎನ್ನುತ್ತಾರೆ. ಕಂಪನಿಯ ರ‍್ಯಾಕ್ ದುಬಾರಿಯಾದ್ದರಿಂದ ಗೇಟು, ಕಿಟಕಿ ಗ್ರಿಲ್ ಮಾಡುವ ವೆಲ್ಡಿಂಗ್ ಅಂಗಡಿಯಲ್ಲಿ ಹೇಳಿ ಮಾಡಿಸುವವರು ಬಹಳ. ಹಾಗೆ ಮಾಡಿಸುವುದರಲ್ಲಿ ತಪ್ಪೇನಿಲ್ಲ. ಆದರೆ ಮಾಡಿಸುವಾಗ ನಾವು ಕೇಳುವ ಪ್ರಶ್ನೆ ಬಹುಮಟ್ಟಿಗೆ ತಪ್ಪಾಗಿರುತ್ತದೆ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಈಚೆಗೆ ತನ್ನ ಹೊಸ ರ‍್ಯಾಕ್ ತೋರಿಸಲು ಕರೆದಿದ್ದ. "ಸರ್, ತೊಂಬತ್ತು ಕೆ.ಜಿ. ಕಬ್ಬಿಣ ಹಾಕಿಸಿದ್ದೀನಿ. ಐನೂರು ಕೆ.ಜಿ. ಹೊರುತ್ತೆ ಅಂತ ಮೇಸ್ತ್ರಿ ಹೇಳಿದಾರೆ, ಒಮ್ಮೆ ನೋಡಿ" ಎಂದ. ದಿನವೂ ಬೆಳಗಿನ ಐದು ಗಂಟೆಗೆ, ಮನೆಯವರೆಲ್ಲ ಮಲಗಿರುವಾಗ, ಒಬ್ಬನೇ ಭಾರ ಎತ್ತುತ್ತಾನಂತೆ. ಆ 'ಒಬ್ಬನೇ' ಎಂಬ ಮಾತು ನನಗೆ ಐನೂರು ಕೆ.ಜಿ.ಗಿಂತ ಭಾರವಾಗಿ ಕೇಳಿಸಿತು.

ಮೆಚ್ಚಬೇಕಾದ ಅಂಶವನ್ನು ಮೊದಲು ಹೇಳುತ್ತೇನೆ. ಒಲಿಂಪಿಕ್ ಅಳತೆಯ ಬಾರಿನಲ್ಲಿ ಎರಡು ಒಳ ಕಾಲರ್‌ಗಳ ನಡುವೆ 1.31 ಮೀಟರ್ ಅಂತರವಿರುತ್ತದೆ. ರ‍್ಯಾಕಿನ ಹೊರ ಅಗಲ ಇದಕ್ಕಿಂತ ಕಡಿಮೆ ಇರಬೇಕು. ಅನೇಕರು ಇಲ್ಲಿಯೇ ಎಡವುತ್ತಾರೆ. ಈತ ಬಾರನ್ನೇ ಅಂಗಡಿಗೆ ಒಯ್ದು ಅಳತೆ ಕೊಟ್ಟಿದ್ದ. ಅಗಲ ಸರಿಯಾಗಿ 1.2 ಮೀಟರ್ ಇತ್ತು. ನಾಲ್ಕು ಕಂಬಗಳೂ ನೆಟ್ಟಗಿದ್ದವು. ಇನ್ನು ಕುಂದುಗಳನ್ನು ನೋಡೋಣ.

ತೂಕ ಬೇರೆ, ಬಲ ಬೇರೆ

ನಮ್ಮಲ್ಲಿ ವೆಲ್ಡಿಂಗ್ ಕೆಲಸಕ್ಕೆ ಸಾಮಾನ್ಯವಾಗಿ ಕಿಲೋ ಲೆಕ್ಕದಲ್ಲಿ ದರ. ಹೀಗಾಗಿ ತೂಕ ಹೆಚ್ಚಿದಷ್ಟೂ ಮೇಸ್ತ್ರಿಗೆ ಲಾಭ, ಮಾಡಿಸಿದವನಿಗೆ ಸಮಾಧಾನ. ಈ ರ‍್ಯಾಕಿನ ಕಂಬಗಳು 50 ಮಿ.ಮೀ. ಚೌಕದ, 5 ಮಿ.ಮೀ. ದಪ್ಪದ ಪೈಪು. ಇದರ ಬದಲು 75 ಮಿ.ಮೀ. ಚೌಕದ, 3 ಮಿ.ಮೀ. ದಪ್ಪದ ಪೈಪು ಹಾಕಿದ್ದರೆ? ಅಡ್ಡಕೊಯ್ತದಲ್ಲಿ ಮೊದಲನೆಯದರ ಲೋಹದ ವಿಸ್ತೀರ್ಣ 900 ಚದರ ಮಿ.ಮೀ., ಎರಡನೆಯದರದು 864. ಅಂದರೆ ಎರಡನೆಯದು ತುಸು ಹಗುರ. ಆದರೂ ಬಾಗುವಿಕೆಯನ್ನು ತಡೆಯುವಲ್ಲಿ ಅದರ ಬಲ 1.6 ಪಟ್ಟು, ಬಿಗಿತ 2.4 ಪಟ್ಟು. ಲೋಹ ನಡುಗೆರೆಯಿಂದ ದೂರ ಸರಿದಷ್ಟೂ ಬಾಗಲು ಹೆಚ್ಚು ವಿರೋಧ ತೋರುತ್ತದೆ. ಬಿದಿರು ಟೊಳ್ಳಾಗಿದ್ದೂ ಗಟ್ಟಿಯಾಗಿರುವ ಗುಟ್ಟು ಇದೇ.

ಇನ್ನು ನೆತ್ತಿಯ ಮೇಲೆ ಅಂದಕ್ಕೆಂದು 10 ಮಿ.ಮೀ. ದಪ್ಪದ ಅಡ್ಡಪಟ್ಟಿಯೊಂದಿತ್ತು. ಅದೊಂದೇ ಸುಮಾರು 19 ಕಿ.ಗ್ರಾಂ. ಅದು ಹೊರುವುದು ಏನನ್ನೂ ಇಲ್ಲ. ಗುರುತ್ವ ಕೇಂದ್ರವನ್ನು ಮೇಲಕ್ಕೆ ಏರಿಸುತ್ತದೆ, ಅಷ್ಟೆ.

ಇಟ್ಟ ಭಾರ, ಬಿದ್ದ ಭಾರ

ಮುಖ್ಯವಾದ ಕುಂದು ಇರುವುದು ಕೈಜಾರಿದ ಬಾರನ್ನು ತಡೆಯಬೇಕಾದ ತೋಳುಗಳಲ್ಲಿ. ಇಲ್ಲಿ ಮುಂದಿನ ಎರಡು ಕಂಬಗಳಿಂದ 40 ಸೆಂ.ಮೀ. ಉದ್ದದ ಎರಡು ತೋಳುಗಳು ಹೊರಕ್ಕೆ ಚಾಚಿದ್ದವು, 50 ಮಿ.ಮೀ. ಚೌಕದ, 3 ಮಿ.ಮೀ. ದಪ್ಪದ ಪೈಪು. ಇಂಥ ಪೈಪುಗಳಿಗೆ ಐ.ಎಸ್. 4923 ಎಂಬ ಭಾರತೀಯ ಮಾನಕವಿದೆ. ಅದರ 210ನೆಯ ದರ್ಜೆಯ ಉಕ್ಕೆಂದು ಭಾವಿಸಿ ಲೆಕ್ಕ ಹಾಕಿದರೆ, ತುದಿಯಲ್ಲಿ ಸುಮಾರು 445 ಕಿ.ಗ್ರಾಂ. ಇಟ್ಟಾಗ ಒಂದು ತೋಳು ಶಾಶ್ವತವಾಗಿ ಬಾಗತೊಡಗುತ್ತದೆ. ಎರಡೂ ಸೇರಿ 890. ಹಾಗಾದರೆ ಮೇಸ್ತ್ರಿಯ ಮಾತು ಸುಳ್ಳಲ್ಲ!

ಆದರೆ ತೋಳಿನ ಮೇಲೆ ಯಾರೂ ಭಾರವನ್ನು ಮೆಲ್ಲನೆ ಇಡುವುದಿಲ್ಲ, ಅದು ಬೀಳುತ್ತದೆ. 100 ಕಿ.ಗ್ರಾಂ. ಬಾರು 50 ಸೆಂ.ಮೀ. ಎತ್ತರದಿಂದ ಬಿದ್ದರೆ ಸುಮಾರು 490 ಜೂಲ್ ಶಕ್ತಿಯನ್ನು ತೋಳುಗಳು ನುಂಗಬೇಕು. 1 ಸೆಂ.ಮೀ.ನಲ್ಲಿ ಬಾರು ನಿಂತರೆ ಸರಾಸರಿ ಬಲ ಅದರ ತೂಕದ 51 ಪಟ್ಟು, 2 ಸೆಂ.ಮೀ.ನಲ್ಲಿ ನಿಂತರೆ 26 ಪಟ್ಟು, 5 ಸೆಂ.ಮೀ.ನಲ್ಲಿ ನಿಂತರೂ 11 ಪಟ್ಟು. ಅಂದರೆ 1,100 ಕಿ.ಗ್ರಾಂ. ತೂಕಕ್ಕೆ ಸಮ. ನಮ್ಮ 890 ಅಲ್ಲಿಗೆ ಮುಗಿಯಿತು. ಬಾರು ಓರೆಯಾಗಿ ಬಿದ್ದು ಒಂದೇ ತೋಳಿಗೆ ತಗುಲಿದರೆ ಪರಿಸ್ಥಿತಿ ಇನ್ನೂ ಕಠಿಣ. ಗರಡಿಯ ಕೆಮ್ಮಣ್ಣನ್ನು ಹದಮಾಡಿ ಸಡಿಲವಾಗಿಡುತ್ತಿದ್ದುದು ಏಕೆಂದು ಯೋಚಿಸಿ. ಬಿದ್ದ ಪೈಲ್ವಾನನಿಗೆ ಆ ಮಣ್ಣು ಕೊಡುತ್ತಿದ್ದುದು ನಿಲ್ಲಲು ಬೇಕಾದ ಆ ಕೆಲವು ಸೆಂಟಿಮೀಟರ್‌ಗಳನ್ನೇ.

ಲೆಕ್ಕ ಹೇಳಿದರೆ ಆತ ನಂಬಲಿಲ್ಲ. ನೆಲಕ್ಕೆ ದಪ್ಪ ರಬ್ಬರ್ ಹಾಸಿ, ತೋಳುಗಳನ್ನು ಕೆಳಗಿನ ತೂತಿಗೆ ಇಳಿಸಿ, ಇಬ್ಬರೂ ಎರಡು ಬದಿಯಲ್ಲಿ ನಿಂತು 60 ಕಿ.ಗ್ರಾಂ. ಬಾರನ್ನು ಅರ್ಧ ಮೀಟರ್ ಮೇಲಿನಿಂದ ಕೈಬಿಟ್ಟೆವು. ಒಂದು ತೋಳಿನ ತುದಿ ಎರಡು ಬೆರಳಿನಷ್ಟು ಜೋತುಬಿತ್ತು. ಇನ್ನೊಂದರ ಬೆಸುಗೆಯ ಬಳಿ ಕೂದಲೆಳೆಯ ಬಿರುಕು ಕಾಣಿಸಿತು. ಚಾಚಿದ ತೋಳಿನಲ್ಲಿ ಬಾಗಿಸುವ ಪರಿಣಾಮ ಅತಿ ಹೆಚ್ಚಾಗಿರುವುದು ಬುಡದಲ್ಲಿ, ಅಂದರೆ ಬೆಸುಗೆ ಇರುವಲ್ಲೇ. ಅದನ್ನೇ ನುಣುಪು ಕಾಣಲೆಂದು ಗ್ರೈಂಡರ್‌ನಿಂದ ಉಜ್ಜಿ, ಬಣ್ಣ ಬಳಿಯಲಾಗಿತ್ತು. ಮೂರು ತಿಂಗಳಿನಿಂದ ಆತ ಅದರ ಅಡಿಯಲ್ಲಿ ಮಲಗಿ ಭಾರ ಎತ್ತಿದ್ದ. ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ.

ಪರಿಹಾರಕ್ಕೆ ಹೆಚ್ಚು ಕಬ್ಬಿಣವೇನೂ ಬೇಕಿರಲಿಲ್ಲ. ಬೆಂಚನ್ನು ನಾಲ್ಕು ಕಂಬಗಳ ಒಳಗೆ ಹಾಕಿ, ಎರಡೂ ಪಕ್ಕದಲ್ಲಿ ಮುಂದಿನ ಕಂಬದಿಂದ ಹಿಂದಿನ ಕಂಬಕ್ಕೆ ಅದೇ ಪೈಪನ್ನು ಅಡ್ಡಲಾಗಿ ಕೂರಿಸಿದರಾಯಿತು. 60 ಸೆಂ.ಮೀ. ಅಂತರದಲ್ಲಿ ಎರಡೂ ತುದಿ ಆಧಾರ ಪಡೆದ ಆ ಪೈಪು ನಟ್ಟನಡುವೆ ಸುಮಾರು 1,190 ಕಿ.ಗ್ರಾಂ. ತಡೆಯುತ್ತದೆ. ಅದೇ ಪೈಪು, ಎರಡೂವರೆ ಪಟ್ಟಿಗೂ ಮಿಕ್ಕಿದ ಬಲ. ಮೇಲೆ ದಪ್ಪ ರಬ್ಬರ್ ಹೊದಿಸಿದರೆ ನಿಲ್ಲುವ ದೂರವೂ ಹೆಚ್ಚುತ್ತದೆ.

ತೂತು ಮತ್ತು ಪಾದ

ಕಂಬದ ತೂತುಗಳು 15 ಸೆಂ.ಮೀ.ಗೊಂದರಂತಿದ್ದವು. ಮಲಗಿ ಎತ್ತುವಾಗ ತಡೆಪೈಪು ಎದೆಗಿಂತ ತುಸು ಕೆಳಗೆ, ಕುತ್ತಿಗೆಗಿಂತ ಮೇಲೆ ಇರಬೇಕು. ಇಷ್ಟು ದೂರದ ತೂತುಗಳಲ್ಲಿ ಆ ಎತ್ತರ ಸಿಗುವುದು ಅದೃಷ್ಟದ ಮಾತು. 5 ಸೆಂ.ಮೀ.ಗೊಂದು, ಬೆಂಚಿನ ಎತ್ತರದಲ್ಲಿ ಸಾಧ್ಯವಾದರೆ 2.5 ಸೆಂ.ಮೀ.ಗೊಂದು ತೂತು ಬೇಕು. ಎಷ್ಟೇ ಗಟ್ಟಿ ಪೈಪಾದರೂ ತಪ್ಪು ಎತ್ತರದಲ್ಲಿದ್ದರೆ ಅದು ಇಲ್ಲದಂತೆಯೇ.

ಬಾರನ್ನು ಮರಳಿ ಇಡುವಾಗ ಕಂಬಕ್ಕೆ ಢಿಕ್ಕಿಯಾಗುವುದು ಸಹಜ. ಗುರುತ್ವ ಕೇಂದ್ರ ಹಿಂದಿನ ಅಂಚಿನಿಂದ 40 ಸೆಂ.ಮೀ. ದೂರದಲ್ಲಿದ್ದರೆ, 90 ಕಿ.ಗ್ರಾಂ. ರ‍್ಯಾಕನ್ನು 1.5 ಮೀಟರ್ ಎತ್ತರದಲ್ಲಿ 24 ಕಿ.ಗ್ರಾಂ. ತೂಕದಷ್ಟು ಬಲದಿಂದ ಒತ್ತಿ ಹಿಡಿದರೆ ಸಾಕು, ಮುಂಪಾದ ಮೇಲೇಳುತ್ತದೆ. ಹಿಂಪಾದಗಳನ್ನು ತಲಾ 20 ಸೆಂ.ಮೀ. ಉದ್ದ ಮಾಡಿದರೆ ಈ ಬಲ ಒಂದೂವರೆ ಪಟ್ಟಾಗುತ್ತದೆ. ಅದಕ್ಕೆ ಎರಡು ಕಿ.ಗ್ರಾಂ. ಪೈಪು ಸಾಕು. ಬರೀ ತೂಕ ಹೆಚ್ಚಿಸಿ ಅದೇ ಫಲ ಪಡೆಯಲು ಇನ್ನೂ 45 ಕಿ.ಗ್ರಾಂ. ಕಬ್ಬಿಣ ಬೇಕು!

ತಪ್ಪು ಯಾರದು?

ಮೇಸ್ತ್ರಿಯನ್ನು ದೂರುವುದು ಸುಲಭ. ಆತ ಮಾಡುವ ಗೇಟು, ಗ್ರಿಲ್‌ಗಳ ಮೇಲೆ ಯಾರೂ ನೂರು ಕಿಲೋ ಬೀಳಿಸುವುದಿಲ್ಲ. 'ಗಟ್ಟಿಯಾಗಿ ಮಾಡಿಕೊಡಿ' ಎಂದೆವು. ಆತ ಗಟ್ಟಿ ಎಂದರೆ ದಪ್ಪ ಎಂದುಕೊಂಡ. ಬಲ ಎಲ್ಲಿ, ಹೇಗೆ ಬೀಳುತ್ತದೆ ಎಂದು ಹೇಳಬೇಕಾದವರು ನಾವು. ಪ್ರೌಢಶಾಲೆಯಲ್ಲಿ ಸನ್ನೆಕೋಲು, ಕೆಲಸ, ಶಕ್ತಿ ಎಂದು ಓದಿ ಅಂಕ ಪಡೆದ ನಾವು ವೆಲ್ಡಿಂಗ್ ಅಂಗಡಿಯ ಮುಂದೆ ನಿಂತಾಗ ಅದನ್ನೆಲ್ಲ ಮರೆಯುತ್ತೇವೆ. ಆತನಿಗೆ ಪಾಠ ಹೇಳಿದ ನನಗೂ ಈ ದೂರಿನಲ್ಲಿ ಪಾಲಿದೆ.

ನೀವು ರ‍್ಯಾಕ್ ಮಾಡಿಸುವವರಾದರೆ ಒಂದು ಹಾಳೆಯಲ್ಲಿ ಐದು ಸಂಗತಿ ಬರೆದುಕೊಂಡು ಹೋಗಿ: ಬಾರಿನ ಅಳತೆ, ಪೈಪಿನ ಅಗಲ ಮತ್ತು ದಪ್ಪ, ಎರಡೂ ತುದಿಗೆ ಆಧಾರವಿರುವ ತಡೆಪೈಪು, ತೂತುಗಳ ಅಂತರ, ಪಾದದ ಉದ್ದ. ಬೆಸುಗೆ ಸುತ್ತಲೂ ಪೂರ್ತಿ ಇರಲಿ, ಉಜ್ಜುವುದು ಬೇಡವೆನ್ನಿ. ನೀವು ನೋಡಿದ ಮೇಲೆಯೇ ಬಣ್ಣ ಬಳಿಯಲಿ. ಮನೆಗೆ ತಂದ ಮೇಲೆ, ಅದರಡಿ ಮಲಗುವ ಮೊದಲು, ಯಾರೂ ಕೆಳಗಿಲ್ಲದಾಗ ಒಮ್ಮೆ ಬಾರನ್ನು ಬೀಳಿಸಿ ನೋಡಿ. ಎಷ್ಟು ಕಿಲೋ ಹೊರುತ್ತದೆ ಎಂದು ಕೇಳಬೇಡಿ. ಬಿದ್ದರೆ ಹಿಡಿಯುತ್ತದೆಯೇ ಎಂದು ಕೇಳಿ.