ಗಿಟಾರಿನ ಬೆನ್ನಿಗೆ ಬಿದ್ದು

"ಇದು ಮಹಾಗನಿ ಸರ್, ಸೌಂಡ್ ವಾರ್ಮ್ ಆಗಿರತ್ತೆ. ಇದು ರೋಸ್‌ವುಡ್, ಬೇಸ್ ನೋಡಿ ಹೆಂಗಿದೆ!" ಅಂಗಡಿ ಹುಡುಗ ಎರಡರಲ್ಲೂ ಒಂದೊಂದು ಜಿ ಕಾರ್ಡ್ ಮೀಟಿದ. ಅವನು ಹೇಳಿದ ಹಾಗೇ ನನಗೂ ಕೇಳಿಸಿತು. ಬೆಲೆಯಲ್ಲಿ 18 ಸಾವಿರ ವ್ಯತ್ಯಾಸ. ಇಎಂಐ ಹಾಕಿಸಿ ರೋಸ್‌ವುಡ್ಡೇ ತಂದೆ.

ಮನೆಗೆ ಬಂದು ಹುಡುಕಿದಾಗ ಗೊತ್ತಾಯಿತು, ಈ 'ಇಂಡಿಯನ್ ರೋಸ್‌ವುಡ್' ಅಂದ್ರೆ ನಮ್ಮ ಬೀಟೆ. ಮೂಡಿಗೆರೆ ಕಡೆಯ ನಮ್ಮ ಮನೇಲಿ ಅಜ್ಜನ ಕಾಲದ ಬೀಟೆ ಮಂಚ ಇದೆ, ಎತ್ತೋಕೆ ನಾಲ್ಕು ಜನ ಬೇಕು. ಅದರ ಮೇಲೆ ಮಲಗಿ ಬೆಳೆದವನು ನಾನು. ಅದಕ್ಕೊಂದು ದನಿ ಇದೆ ಅಂತ ಆಗ ಯಾರೂ ಹೇಳಿರಲಿಲ್ಲ.

ಗಿಟಾರ್ ವಿಮರ್ಶೆ ಓದುವವರಿಗೆ ಈ ಭಾಷೆ ಚೆನ್ನಾಗಿ ಗೊತ್ತು. ಮಹಾಗನಿ 'ಡ್ರೈ', ಮೇಪಲ್ 'ಬ್ರೈಟ್', ರೋಸ್‌ವುಡ್ 'ರಿಚ್'. ಮರಕ್ಕೂ ಸದ್ದಿಗೂ ಸಂಬಂಧವೇ ಇಲ್ಲ ಅಂತ ನಾನು ಹೇಳ್ತಿಲ್ಲ. ಗಿಟಾರಿನ ಯಾವ ಭಾಗದ ಮರ ಅನ್ನೋದನ್ನ ಈ ವಿಮರ್ಶೆಗಳು ಕಲಸಿಬಿಡುತ್ತವೆ, ನನ್ನ ತಕರಾರು ಅಷ್ಟೇ.

ತಂತಿ ತಾನೊಂದೇ ಅಲುಗಾಡಿಸುವ ಗಾಳಿ ತೀರಾ ಕಡಿಮೆ. ಅದರ ಕಂಪನ ಬ್ರಿಡ್ಜ್ ಮೂಲಕ ಮೇಲಿನ ಹಲಗೆಗೆ ಇಳಿದು, ಆ ಹಲಗೆ ಗಾಳಿಯನ್ನು ತಳ್ಳಿದಾಗಲೇ ಕೋಣೆ ತುಂಬುವುದು. ಆ ಹಲಗೆ ಹಗುರವಾಗಿರಬೇಕು, ಬಿಗಿಯಾಗಿಯೂ ಇರಬೇಕು. ಅದಕ್ಕೇ ಅಲ್ಲಿ ಬೀಟೆ ಹಾಕುವುದು ಅಪರೂಪ, ಸಾಮಾನ್ಯವಾಗಿ ಹಾಕುವುದು ಸ್ಪ್ರೂಸ್. 1960ರ ದಶಕದಲ್ಲಿ ಮ್ಯಾಡ್ರಿಡ್‌ನ ಹೊಸೆ ರಾಮಿರೆಸ್ ಕ್ಲಾಸಿಕಲ್ ಗಿಟಾರುಗಳಿಗೆ ಸೀಡರ್ ಹಾಕಿ ಅದನ್ನೂ ಚಾಲ್ತಿಗೆ ತಂದರು. ಈ ಎರಡರ ನಡುವಿನ ವ್ಯತ್ಯಾಸದ ಬಗ್ಗೆ ಯಾರಾದರೂ ಮಾತಾಡಿದರೆ ನಾನು ಕಿವಿ ಕೊಡ್ತೀನಿ. ಆದರೂ ಒಂದೇ ದಿಮ್ಮಿಯ ಎರಡು ಹಲಗೆಗಳ ಗುಣವೂ ಒಂದೇ ಇರಲ್ಲ. ಒಳ್ಳೆಯ ಕುಶಲಕರ್ಮಿ ತಟ್ಟಿ, ಬಗ್ಗಿಸಿ ನೋಡಿ, 3 ಮಿಲಿಮೀಟರ್ ಆಸುಪಾಸಿಗೆ ಹೆರೆದು, ಒಳಗಡೆ ಆನಿಸುವ ಪಟ್ಟಿಗಳನ್ನು ಆ ಹಲಗೆಗೆ ತಕ್ಕಂತೆ ಕೂರಿಸುತ್ತಾನೆ. ಅವನ ಆ ಕೆಲಸಕ್ಕೆ ಸಲ್ಲಬೇಕಾದ ಹೊಗಳಿಕೆ ಮರದ ಹೆಸರಿಗೆ ಹೋಗುತ್ತೆ.

ಬೆನ್ನು ಮತ್ತು ಪಕ್ಕದ ಮರದ ಕಥೆ ಬೇರೆ. ಅಂಗಡಿಯಲ್ಲಿ ಬೆಲೆ ಏರಿಸುವುದು ಹೆಚ್ಚಾಗಿ ಇದೇ. ನುಡಿಸುವಾಗ ಆ ಬೆನ್ನು ಒತ್ತಿಕೊಂಡಿರುವುದು ನಮ್ಮ ಹೊಟ್ಟೆಗೆ, ಅದರ ಕಂಪನದಲ್ಲಿ ಒಂದು ಪಾಲನ್ನು ಹೊಟ್ಟೆಯೇ ನುಂಗುತ್ತದೆ. (ನನ್ನದು ಸ್ವಲ್ಪ ಜಾಸ್ತಿಯೇ ನುಂಗತ್ತೆ.) ಸ್ಪೇನಿನ ಆಂಟೋನಿಯೊ ಡಿ ಟೊರೆಸ್ 1862ರಲ್ಲೇ ಬೆನ್ನು, ಪಕ್ಕ ಎರಡನ್ನೂ ಕಾಗದದ ರಟ್ಟಿನಲ್ಲಿ ಮಾಡಿ, ಮೇಲೆ ಮಾತ್ರ ಮರದ ಹಲಗೆ ಕೂರಿಸಿ ಒಂದು ಗಿಟಾರ್ ಕಟ್ಟಿದ್ದ. ಇವತ್ತಿನ ಕ್ಲಾಸಿಕಲ್ ಗಿಟಾರಿನ ಆಕಾರ ನಿಲ್ಲಿಸಿದವನೇ ಅವನು.

2018ರಲ್ಲಿ ಇಂಗ್ಲೆಂಡಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದವರ ಒಂದು ಅಧ್ಯಯನ ಪ್ರಕಟವಾಯಿತು. ಒಂದೇ ವಿನ್ಯಾಸದ ಆರು ಗಿಟಾರ್, ಬದಲಾಗಿದ್ದು ಬೆನ್ನು-ಪಕ್ಕದ ಮರ ಮಾತ್ರ: ಬ್ರೆಜಿಲ್ ರೋಸ್‌ವುಡ್, ನಮ್ಮ ಬೀಟೆ, ಮಹಾಗನಿ, ಮೇಪಲ್, ಸಪೇಲೆ, ವಾಲ್‌ನಟ್. 52 ಗಿಟಾರಿಸ್ಟರಿಗೆ ವೆಲ್ಡಿಂಗ್ ಕನ್ನಡಕ ಹಾಕಿಸಿ, ಮಬ್ಬು ಬೆಳಕಿನಲ್ಲಿ ನುಡಿಸೋಕೆ ಕೊಟ್ಟರು. ಸದ್ದಿಗೆ ಅವರು ಕೊಟ್ಟ ಅಂಕಗಳು ಆರಕ್ಕೂ ಹೆಚ್ಚುಕಮ್ಮಿ ಒಂದೇ. ಒಂದೊಂದು ಮರಕ್ಕೆ ಒಂದೊಂದೇ ಗಿಟಾರ್ ಇಟ್ಟ ಪ್ರಯೋಗ, ಹಾಗಾಗಿ ಇದೇ ಕೊನೇ ಮಾತಲ್ಲ ಅಂತ ವಾದಿಸಬಹುದು. ಆದರೆ ದುಬಾರಿ ಮರವನ್ನ ಕಿವಿ ತಾನಾಗಿ ಗುರುತಿಸುತ್ತೆ ಅನ್ನುವವರು ಇದಕ್ಕೆ ಉತ್ತರ ಕೊಡಬೇಕು.

ನಾನೂ ಮನೇಲಿ ಮಾಡಿ ನೋಡಿದೆ. ರೂಮ್‌ಮೇಟ್‌ನ ಮಹಾಗನಿ ಗಿಟಾರ್, ನನ್ನದು, ಕಣ್ಣಿಗೆ ಟವೆಲ್. ಹತ್ತು ಸಲದಲ್ಲಿ ನಾಲ್ಕು ಸಲ ಸರಿ ಹೇಳಿದೆ, ನಾಣ್ಯ ಚಿಮ್ಮಿದ್ದರೂ ಅಷ್ಟು ಬರ್ತಿತ್ತು. ಆಮೇಲೆ ಅವನು ತನ್ನ ಗಿಟಾರಿಗೆ ಹೊಸ ತಂತಿ ಕಟ್ಟಿದ. ಅದನ್ನ ಮಾತ್ರ ಮೊದಲ ಮೀಟಿಗೇ ಹಿಡಿದೆ.

ಹಾಗಾದ್ರೆ ಅಂಗಡಿಯಲ್ಲಿ ನನಗೆ ಕೇಳಿಸಿದ್ದೇನು? ರೋಸ್‌ವುಡ್ ಗಿಟಾರಿಗೆ ಮೇಲಿನ ಹಲಗೆಯೂ ಉತ್ತಮದ್ದು, ಬಾಡಿಯೂ ದೊಡ್ಡದು, ತಂತಿಯೂ ಹೊಸದು. ಮೂರು-ನಾಲ್ಕು ವೇರಿಯೇಬಲ್ ಒಟ್ಟಿಗೆ ಬದಲಾಯಿಸಿ ಒಂದಕ್ಕೆ ಕ್ರೆಡಿಟ್ ಕೊಟ್ಟಿದ್ದೆ. ಕೋಡ್ ರಿವ್ಯೂನಲ್ಲಿ ಜೂನಿಯರ್ ಯಾರಾದ್ರೂ ಹೀಗೆ ಮಾಡಿದ್ರೆ ನಾನು ಸುಮ್ಮನೆ ಬಿಡಲ್ಲ.

ನನ್ನ 18 ಸಾವಿರ ಹೋದರೆ ಹೋಗಲಿ. ಬ್ರೆಜಿಲ್ ರೋಸ್‌ವುಡ್ ಸಿಗೋದು ಕಷ್ಟವಾದಾಗ, 1969ರಲ್ಲಿ ಅಮೆರಿಕದ ಮಾರ್ಟಿನ್ ಕಂಪನಿ ಬೀಟೆಗೆ ಬದಲಾಯಿತು. 1992ರಲ್ಲಿ ಬ್ರೆಜಿಲ್ ಮರದ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಬಹುತೇಕ ಬಾಗಿಲು ಮುಚ್ಚಿತು. 2017ರಲ್ಲಿ ಬೀಟೆಯೂ ಸೇರಿದಂತೆ ಆ ಇಡೀ ಕುಲದ ವ್ಯಾಪಾರಕ್ಕೆ ಪರವಾನಗಿ ಬಂತು. 2019ರಲ್ಲಿ ಬೀಟೆಯ ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ಬೀಟೆ ಸಾವಕಾಶವಾಗಿ ಬೆಳೆಯುವ ಮರ, ಕಾಡಿನಲ್ಲಿ ಅದು ಅಪಾಯದ ಅಂಚಿನಲ್ಲಿದೆ. ಕಣ್ಣು ಕಟ್ಟಿದರೆ ಗುರುತು ಸಿಗದ ಗುಣಕ್ಕೆ 'ಪ್ರೀಮಿಯಂ' ಚೀಟಿ ಅಂಟಿಸುವ ವಿಮರ್ಶಕರು ಇದರ ಬಗ್ಗೆ ಒಂದು ಸಾಲನ್ನಾದರೂ ಬರೀಬೇಕಿತ್ತು.

ದೀಪಾವಳಿಗೆ ಊರಿಗೆ ಹೋದಾಗ ಗಿಟಾರನ್ನೂ ಒಯ್ದಿದ್ದೆ. ಮರದ ವಿಷಯ ಬಲ್ಲ ದೊಡ್ಡಪ್ಪ ಅದನ್ನ ತಿರುಗಿಸಿ, ಬೆನ್ನ ಮೇಲೆ ಬೆರಳಾಡಿಸಿ, "ಬೀಟೆನ ಇಷ್ಟು ತೆಳ್ಳಗೆ ಸೀಳ್ತಾರೇನೋ!" ಅಂತ ಬೆರಗಾದರು. ಬೆಲೆ ಕೇಳಿದರು, ಹೇಳಿದೆ. ಮಂಚದ ಮೇಲೆ ಕೂತು ಒಂದು ಹಾಡು ನುಡಿಸಿದೆ. ಪೂರ್ತಿ ಕೇಳಿ, "ಚೆನ್ನಾಗಿದೆ ಮಗಾ. ಇದ್ರಲ್ಲಿ ಬೀಟೆ ಸದ್ದು ಯಾವ್ದು?" ಅಂದರು.