ಮಾರ್ಫಿಯ ಹದಿನೇಳು ನಡೆಗಳನ್ನು ಸವಿಯುವ ಬಗೆ

ಚದುರಂಗ ಕಲಿಯುವ ಹೊಸಬರ ಕಣ್ಣು ಹೊಡೆದ ಕಾಯಿಗಳ ಲೆಕ್ಕದಲ್ಲೇ ನೆಟ್ಟಿರುತ್ತದೆ. ಆ ಲೆಕ್ಕದಾಚೆಗೆ ನೋಡುವುದನ್ನು ಕಲಿಸಲು 1858ರಲ್ಲಿ ಪ್ಯಾರಿಸ್ಸಿನ ಒಪೆರಾ ಮಂದಿರದಲ್ಲಿ ನಡೆದ ಆಟಕ್ಕಿಂತ ಒಳ್ಳೆಯದು ಸಿಗುವುದು ಕಷ್ಟ. ಬಿಳಿಯ ಕಾಯಿ ನಡೆಸಿದವನು ನ್ಯೂ ಆರ್ಲಿಯನ್ಸಿನ ಪಾಲ್ ಮಾರ್ಫಿ. ಆಗ ಅವನಿಗೆ 21 ವರ್ಷ. ಬ್ರನ್ಸ್‌ವಿಕ್‌ನ ಡ್ಯೂಕ್ ಮತ್ತು ಕೌಂಟ್ ಇಸೊವಾರ್ ಇಬ್ಬರೂ ಕೂಡಿ ಸಮಾಲೋಚಿಸಿ ಕಪ್ಪು ಕಾಯಿ ನಡೆಸಿದರು. ಆಟ 17 ನಡೆಗಳಿಗೆ ಮುಗಿಯಿತು.

ಮಣೆ ಹೂಡಿಕೊಂಡು ಒಂದೊಂದೇ ನಡೆ ಆಡುತ್ತ ನೋಡಬೇಕು. (ಇಲ್ಲಿ ಮೂಲೆಯ ಕಾಯಿ ಆನೆ, ಓರೆಯಾಗಿ ಸಾಗುವುದು ಒಂಟೆ.) ಪ್ರತಿ ನಡೆಗೂ ಕೇಳಬೇಕಾದ್ದು ಇಷ್ಟೇ: ಯಾವ ಕಾಯಿ ಕೆಲಸಕ್ಕಿಳಿದಿದೆ, ಯಾವುದು ಇನ್ನೂ ಮೊದಲಿನ ಮನೆಯಲ್ಲೇ ಕೂತಿದೆ?

ಕಪ್ಪಿನವರು ಮೂರನೆಯ ನಡೆಯಲ್ಲಿ ಹೊರತಂದ ಒಂಟೆ ನಾಲ್ಕನೆಯದರಲ್ಲಿ ಬಿಳಿಯ ಕುದುರೆಯನ್ನು ಹೊಡೆದು ತಾನೂ ಹೋಗುತ್ತದೆ. ಅದನ್ನು ಹೊಡೆಯುವ ನೆಪದಲ್ಲಿ ಮಾರ್ಫಿಯ ಮಂತ್ರಿ ಹೊರಬರುತ್ತದೆ. ಏಳನೆಯ ನಡೆಯಲ್ಲಿ ಅದೇ ಮಂತ್ರಿ ಬಿ3ರಿಂದ ಎಫ್7 ಮತ್ತು ಬಿ7 ಎರಡರ ಮೇಲೂ ಕಣ್ಣಿಡುತ್ತದೆ. ಕಪ್ಪಿನವರು ಮಂತ್ರಿಯನ್ನು ಇ7ಕ್ಕೆ ತಂದು ಎಫ್7ನ್ನು ಕಾಯುತ್ತಾರೆ. ಅದರಿಂದ ತಮ್ಮದೇ ಒಂಟೆಯ ದಾರಿ ಮುಚ್ಚುತ್ತದೆ.

ರಸಿಕರು ಹೆಚ್ಚು ಹೊತ್ತು ನಿಲ್ಲಬೇಕಾದ ಜಾಗವಿದು. ಬಿ7ರ ಕಾಲಾಳು ಪುಕ್ಕಟೆ ಸಿಗುವಂತಿದೆ, ಮಾರ್ಫಿ ಮುಟ್ಟುವುದಿಲ್ಲ. ಮುಟ್ಟಿದರೆ ಕಪ್ಪು ಮಂತ್ರಿ ಬಿ4ರಿಂದ ಚೆಕ್ ಕೊಟ್ಟು ಮಂತ್ರಿಗೆ ಮಂತ್ರಿ ಹೋಗುವಂತೆ ಮಾಡುತ್ತದೆ, ದಾಳಿಯ ಕಾವು ಇಳಿಯುತ್ತದೆ. ಅವನು ಉಳಿದ ಕುದುರೆಯನ್ನು ಹೊರತರುತ್ತಾನೆ, ಆಮೇಲೆ ಎರಡನೆಯ ಒಂಟೆಯನ್ನು. ಆ ಸಂಯಮದ ಸೊಗಸು ಮುಂದಿನ ಬಲಿಗಳಿಗಿಂತ ಕಡಿಮೆಯದಲ್ಲ. ಬಲಿಗಳೆಲ್ಲ ಅದರಿಂದಲೇ ಸಾಧ್ಯವಾದವು.

ಒಂಬತ್ತನೆಯ ನಡೆಯಲ್ಲಿ ಕಪ್ಪು ಕಾಲಾಳು ಬಿ5ಕ್ಕೆ ಬಂದು ಒಂಟೆಯನ್ನು ಬೆದರಿಸುತ್ತದೆ. ಮಾರ್ಫಿ ಹಿಂದೆಗೆಯದೆ, ಎರಡು ಕಾಲಾಳುಗಳಿಗೆ ಕುದುರೆಯನ್ನು ಕೊಟ್ಟು ಚೆಕ್ ಹೇಳುತ್ತಾನೆ. ಬಳಿಕ ಒಂದೇ ಕ್ಯಾಸಲಿಂಗ್‌ನಲ್ಲಿ ರಾಜ ಸುರಕ್ಷಿತವಾಗಿ, ಆನೆ ಡಿ ಸಾಲಿಗೆ ಬರುತ್ತದೆ. ಆ ಆನೆಯನ್ನೂ ಡಿ7ರಲ್ಲಿ ಬಲಿಕೊಟ್ಟ ಮೇಲೆ ಮೂಲೆಯಲ್ಲಿದ್ದ ಇನ್ನೊಂದು ಆನೆ ಅದೇ ಸಾಲಿಗೆ ಬಂದು ನಿಲ್ಲುತ್ತದೆ. ಈಗ ಬಿಳಿಯಲ್ಲಿ ಕೈಕಟ್ಟಿ ಕೂತ ಕಾಯಿ ಒಂದೂ ಇಲ್ಲ.

ಹದಿನಾರನೆಯ ನಡೆಯನ್ನು ನೋಡುವ ಮೊದಲು ಪುಸ್ತಕ ಮುಚ್ಚಿಟ್ಟು ಊಹಿಸುವುದು ಲೇಸು. ಮಂತ್ರಿ ಬಿ8ಕ್ಕೆ ಹೋಗಿ ಚೆಕ್ ಕೊಡುತ್ತದೆ. ಕುದುರೆ ಅದನ್ನು ಹೊಡೆಯಲೇಬೇಕು, ಹೊಡೆಯಲು ಡಿ ಸಾಲು ಬಿಟ್ಟು ಹೋಗಲೇಬೇಕು. ಆನೆ ಡಿ8ಕ್ಕೆ ನುಗ್ಗಿದರೆ ಚೆಕ್‌ಮೇಟ್. ಜಿ5ರ ಒಂಟೆ ಅದಕ್ಕೆ ಬೆಂಬಲ. ರಾಜನನ್ನೂ ಕಾಲಾಳುಗಳನ್ನೂ ಬಿಟ್ಟರೆ ಬಿಳಿಯಲ್ಲಿ ಉಳಿದದ್ದು ಆ ಎರಡೇ ಕಾಯಿ. ಕಪ್ಪಿನಲ್ಲಿ ಮಂತ್ರಿಯೂ ಇದೆ, ಆದರೆ ರಾಜನ ಪಕ್ಕದ ಒಂಟೆ, ಆನೆ ಒಂದು ಹೆಜ್ಜೆಯನ್ನೂ ಇಟ್ಟಿಲ್ಲ.

ಎರಡನೆಯ ಸಲ ಕಪ್ಪಿನ ಬದಿಯಿಂದ ನೋಡಬೇಕು. ಮೂರನೆಯ ನಡೆಯಲ್ಲಿ ಒಂಟೆ ತರುವ ಬದಲು ಕಾಲಾಳಿನಿಂದ ಕಾಲಾಳನ್ನು ಹೊಡೆದು ಆಡಿದರೆ ಏನಾಗುತ್ತಿತ್ತೆಂದು ಪರೀಕ್ಷಿಸಬಹುದು. ಇದು ಕೈವಶವಾದವರಿಗೆ ಮುಂದಿನ ಓದು 1851ರಲ್ಲಿ ಲಂಡನ್ನಿನಲ್ಲಿ ಆಂಡರ್ಸನ್ ಕೀಸರಿಟ್ಸ್ಕಿಯ ಎದುರು ಆಡಿದ ಆಟ. ಅಲ್ಲಿ ಎರಡೂ ಆನೆಗಳು, ಒಂದು ಒಂಟೆ, ಕಡೆಗೆ ಮಂತ್ರಿಯೂ ಬಲಿಯಾಗುತ್ತವೆ. ನಡೆಗಳ ಹಿಂದಿನ ಲೆಕ್ಕ ಇದಕ್ಕಿಂತ ತೊಡಕಿನದು.