ಚೆಕ್ಕುಬಂದಿಯೊಳಗೆ ಕಾಣದ್ದು

ಭೂಸ್ವಾಧೀನದ ಅಧಿಸೂಚನೆಯನ್ನು ಒಂದು ಬರಹವೆಂದೇ ಎಣಿಸಿ ಓದಬೇಕು. ಸರ್ಕಾರ ತನ್ನ ಜನರ ಬಗ್ಗೆ ಬರೆಯುವುದರಲ್ಲಿ ಇಷ್ಟು ಪರಿಣಾಮ ಉಳ್ಳದ್ದು ಬೇರೆ ಇಲ್ಲ. ಅದರಲ್ಲಿ ಒಬ್ಬ ರೈತನಿಗೆ ಸಿಗುವುದು ಒಂದೇ ಸಾಲು: ಸರ್ವೆ ನಂಬರು, ಖಾತೆದಾರರ ಹೆಸರು, ಅನುಭವದಾರರ ಹೆಸರು, ಎಕರೆ-ಗುಂಟೆ, ಕೊನೆಗೆ ನಾಲ್ಕು ದಿಕ್ಕಿನ ಚೆಕ್ಕುಬಂದಿ. ತಂದೆ ತೀರಿಕೊಂಡು ಎಷ್ಟೋ ವರ್ಷವಾಗಿದ್ದರೂ ಪೌತಿ ಖಾತೆ ಆಗಿರದಿದ್ದರೆ ಸತ್ತವರ ಹೆಸರೇ ಅಚ್ಚಾಗುತ್ತದೆ.

ದೇವನಹಳ್ಳಿ ತಾಲ್ಲೂಕು ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆ ಇಂಥ ಸಾಲುಗಳೊಳಗೆ ಸೇರಿತ್ತು. ಉದ್ದೇಶ ಡಿಫೆನ್ಸ್ ಮತ್ತು ಏರೋಸ್ಪೇಸ್ ಪಾರ್ಕ್. ಬೆಂಗಳೂರಿಗೂ ಯುದ್ಧಕ್ಕೂ ಇರುವ ನಂಟು ಹಳೆಯದು. ಎರಡನೇ ಮಹಾಯುದ್ಧ ನಡೆಯುತ್ತಿದ್ದಾಗಲೇ, 1940ರಲ್ಲಿ, ಇಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಶುರುವಾಯಿತು. 2008ರಲ್ಲಿ ವಿಮಾನ ನಿಲ್ದಾಣ ದೇವನಹಳ್ಳಿಗೆ ಬಂದ ಮೇಲೆ ಊರು ಬೆಳೆಯುವ ದಿಕ್ಕೇ ಬದಲಾಯಿತು. ದೇಶದ ರಕ್ಷಣೆ ಎಂದ ಕೂಡಲೇ ನಾವೆಲ್ಲ ಮಾತು ನಿಲ್ಲಿಸುತ್ತೇವೆ. ಆ ಮೌನದ ಬೆಲೆ ತೆರುವವನು ರಾಗಿ ಹೊಲದವನು.

ಆ ಕಡೆಯ ದ್ರಾಕ್ಷಿ ಚಪ್ಪರದ ಕೆಳಗೆ ಒಮ್ಮೆ ನಿಂತು ನೋಡಿ. ಸಾಲಾಗಿ ಕಲ್ಲುಕಂಬ, ಮೇಲೆ ಬಿಗಿದ ತಂತಿ, ತಲೆ ತಗ್ಗಿಸಿಯೇ ಓಡಾಡಬೇಕು. ಬಳ್ಳಿ ನೆಟ್ಟವನು ಫಸಲು ಕಾಣಲು ಎರಡು ವರ್ಷದ ಹತ್ತಿರ ಕಾಯಬೇಕು. ನೀರು ಸಾವಿರ ಅಡಿ ಆಳದಿಂದ ಬರಬೇಕು, ಬೋರ್‌ವೆಲ್ಲಿಗೆ ಸಾಲ ಆಗಿರುತ್ತದೆ. ದಾಖಲೆಯಲ್ಲಿ ಮಾತ್ರ ಅದು ಇನ್ನೂ ಖುಷ್ಕಿ, ಮಳೆ ನಂಬಿದ ಹೊಲ. ಗೊನೆ ಬಿಡಿಸಲು ಬರುವ ಕೂಲಿ ಹೆಂಗಸರಿಗೆ ಅಧಿಸೂಚನೆಯಲ್ಲಿ ಜಾಗವೇ ಇಲ್ಲ. ಖಾತೆ ಇಲ್ಲದವರು ಕಳೆದುಕೊಳ್ಳುವುದನ್ನು ಆ ಕಾಗದ ನಷ್ಟವೆಂದು ಗುರುತಿಸುವುದೂ ಇಲ್ಲ. ಅಧಿಸೂಚನೆಯೆಂಬ ಬರಹದ ದೊಡ್ಡ ದೋಷ ಇದೇ.

ಇನ್ನೊಂದು ದೋಷ ಕಾನೂನಿನದು. ಈ ಸ್ವಾಧೀನಕ್ಕೆ ಬಳಸಿದ ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಕಾಯ್ದೆ 1966ರದ್ದು. ಅದರ 28ನೇ ಸೆಕ್ಷನ್ ಪ್ರಕಾರ ಪ್ರಾಥಮಿಕ ಅಧಿಸೂಚನೆ, ಆಕ್ಷೇಪಣೆಗೆ 30 ದಿನ, ವಿಚಾರಣೆ, ಆಮೇಲೆ ಅಂತಿಮ ಅಧಿಸೂಚನೆ. ಅಲ್ಲಿಗೆ ಭೂಮಿ ಸರ್ಕಾರದ್ದು. 2013ರ ಕೇಂದ್ರ ಕಾಯ್ದೆ ಖಾಸಗಿ ಕಂಪನಿಗೆ ಭೂಮಿ ಕೊಡಲು ಶೇ 80ರಷ್ಟು ಮಂದಿಯ ಒಪ್ಪಿಗೆ ಬೇಕೆನ್ನುತ್ತದೆ. ನಮ್ಮ ಕಾಯ್ದೆಯಲ್ಲಿ ಒಪ್ಪಿಗೆಯ ಮಾತೇ ಇಲ್ಲ. ಆಕ್ಷೇಪಣೆ ಕೇಳುವುದಕ್ಕೂ ಒಪ್ಪಿಗೆ ಕೇಳುವುದಕ್ಕೂ ಅಜಗಜಾಂತರ. ಅಂತಿಮ ಅಧಿಸೂಚನೆ ಬರುವ ಮುಂಚೆಯೇ ಬದುಕು ಅಲ್ಲಾಡತೊಡಗುತ್ತದೆ. ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯ ಹೆಸರು ಕಂಡು ‘ಪಹಣಿಯಲ್ಲಿ ಕೆಐಎಡಿಬಿ ಅಂತ ಬಂದಿದೆ’ ಎಂದರೆ ಸಾಕು, ಕೊಳ್ಳುವವರು ಹಿಂದೆ ಸರಿಯುತ್ತಾರೆ, ಮಗಳ ಮದುವೆಗೆ ಸಾಲ ಹುಟ್ಟುವುದಿಲ್ಲ.

2022ರ ಏಪ್ರಿಲ್ 4ರಂದು ಧರಣಿ ಕೂತ ರೈತರು 1,198 ದಿನ ಹೋರಾಟ ಬಿಡಲಿಲ್ಲ. 2025ರ ಜೂನ್‌ನಲ್ಲಿ ಪೊಲೀಸರು ಅವರನ್ನು ಎಳೆದು ವ್ಯಾನಿಗೆ ಹತ್ತಿಸಿದರು. ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಸ್ವಾಧೀನ ಕೈಬಿಟ್ಟಿದ್ದೇವೆ ಎಂದರು. ಸ್ವಇಚ್ಛೆಯಿಂದ ಕೊಡುವವರ ಜಮೀನು ಮಾತ್ರ ಪಡೆಯುತ್ತೇವೆ ಎಂದೂ ಹೇಳಿದರು. ಆ ತೀರ್ಮಾನ ಸರಿಯಾದದ್ದು, ಹಳ್ಳಿಯವರು ಹೋರಾಟ ಕಟ್ಟಿ ಗೆದ್ದದ್ದು. ಆದರೆ ಗೆದ್ದದ್ದು 13 ಹಳ್ಳಿ. ಮುಂದಿನ ಹೋಬಳಿಯವರೂ ಮೂರು ವರ್ಷ ಬಿಸಿಲಲ್ಲಿ ಕೂರಬೇಕೇ? 28ನೇ ಸೆಕ್ಷನ್ ಹಾಗೆಯೇ ಇದ್ದರೆ ಕೂರಲೇಬೇಕಾಗುತ್ತದೆ.

ಸರ್ಕಾರ ಅಧಿಸೂಚನೆಯಲ್ಲಿ ಚೆಕ್ಕುಬಂದಿಯ ಪಕ್ಕದಲ್ಲಿ ಮೂರು ಕಾಲಂ ಸೇರಿಸಲಿ. ಈ ಹೊಲದಲ್ಲಿ ಈಗ ಏನಿದೆ, ಯಾರ್‍ಯಾರು ದುಡಿಯುತ್ತಾರೆ, ಕೊಡಲು ಮನಸ್ಸಿದೆಯೇ. ಮೂರನೆಯದರ ಕೆಳಗೆ ರುಜುವಿಗೆ ಜಾಗ ಬಿಡಲಿ, ಹೆಬ್ಬೆಟ್ಟು ಒತ್ತುವಷ್ಟು.